ಖಾಲಾನ ಫೋಟೋ

ನಮ್ಮ ಗಂಗಾವತಿಯ ಅಕ್ಕಿ ಗಿರಣಿಗೆ ಈಗ ಬಿಹಾರದವರು ದುಡಿಯಲು ಬರುತ್ತಾರೆ. ಮೊನ್ನೆ ಅವರ ಶೆಡ್ಡಿನ ಮುಂದೆ ಹಾದು ಬರುವಾಗ ಸಾಸಿವೆ ಎಣ್ಣೆ ಕಾಯಿಸಿದ ಘಾಟು ಮೂಗಿಗೆ ಬಡಿಯಿತು. ನಿಂತಲ್ಲೇ ನಿಂತೆ. ಅದು ಖಾಲಾನ ಮನೆಯ ವಾಸನೆ...

ಹತ್ತು ವರ್ಷದ ಹಿಂದಿನ ಮಾತು. ನಮ್ಮ ಚರ್ಚಿನಿಂದ ಆರು ಮಂದಿ ಸುವಾರ್ತೆ ಸೇವೆಗೆಂದು ಬಿಹಾರದಲ್ಲಿ ನೇಪಾಳದ ಗಡಿಯ ಒಂದು ಊರಿಗೆ ಹೋಗಿದ್ದೆವು. ನೆರೆಮನೆಯವರಿಂದ ಕಲಿತ ಉರ್ದು ನನಗೆ ಬರುತ್ತದೆಂದು ನನ್ನನ್ನೂ ಕರೆದೊಯ್ದಿದ್ದರು. ಇಳಿದುಕೊಂಡದ್ದು ಒಬ್ಬ ಮುಸಲ್ಮಾನ ವಿಧವೆಯ ಮನೆಯಲ್ಲಿ. ಎಲ್ಲರಿಗೂ ಆಕೆ ಖಾಲಾ, ಅಂದರೆ ಚಿಕ್ಕಮ್ಮ.

ನಾಲ್ಕನೇ ದಿನ ನನಗೆ ಚಳಿಜ್ವರ ಬಂತು. ಉಳಿದವರು ಹಳ್ಳಿಗಳಿಗೆ ಹೊರಟುಹೋದರು. ಖಾಲಾ ಬೆಳ್ಳುಳ್ಳಿ ಹಾಕಿ ಸಾಸಿವೆ ಎಣ್ಣೆ ಕಾಯಿಸಿ ತಂದು ನನ್ನ ಅಂಗಾಲು ತಿಕ್ಕಲು ಕೂತಳು. ವಯಸ್ಸಾದವಳು ಕಾಲು ಮುಟ್ಟುವುದೇ? "ನಕ್ಕೋ ಖಾಲಾ, ನಕ್ಕೋ," ಎಂದು ಕಾಲು ಎಳೆದುಕೊಂಡೆ. ಬೇಡ ಎನ್ನಲು ನಮ್ಮ ಕಡೆಯ ಉರ್ದುವಿನಲ್ಲಿ ಹಾಗೇ ಅನ್ನುತ್ತಾರೆ. ಅವಳಿಗೆ ನಗು ತಡೆಯಲಾಗಲಿಲ್ಲ. ಇದೆಲ್ಲಿಯ ಉರ್ದು, ಇಂಥ ಉರ್ದು ಮಾತಾಡುವವಳಿಗೆ ಜ್ವರ ಬರದೆ ಏನಾಗುತ್ತದೆ ಎಂದು ಬೈಯುತ್ತಲೇ ತಿಕ್ಕಿದಳು. ಆಮೇಲೆ ನನ್ನ ಮಂಚದ ಪಕ್ಕ ಎರಡೂ ಅಂಗೈ ಮೇಲೆತ್ತಿ ತನ್ನ ಅಲ್ಲಾಹುವಿನಲ್ಲಿ ನನಗಾಗಿ ಬೇಡಿದಳು. ಅಷ್ಟರಲ್ಲಿ ಮರಳಿ ಬಂದ ನಮ್ಮ ತಂಡದ ಹಿರಿಯರು ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದರು.

ಊರಿಗೆ ಬಂದ ಮೇಲೆ ಭಾನುವಾರದ ಆರಾಧನೆಯಲ್ಲಿ ಆ ಫೋಟೋ ಪರದೆಯ ಮೇಲೆ ಬಂತು. "ಈ ತಾಯಿ ಕರ್ತನನ್ನ ಒಪ್ಪಿಕೊಂಡ್ರು," ಎಂದರು ಹಿರಿಯರು. ಸಭೆಯೆಲ್ಲ ಹಲ್ಲೆಲೂಯ ಎಂದಿತು.

ನಾನು ಎದ್ದೆ. "ಸುಳ್ಳು ಐತ್ರಿ ಅಣ್ಣಾರ. ಅಕಿ ನನ್ನ ಸಲುವಾಗಿ ದುವಾ ಮಾಡಾಕತ್ತಿದ್ಲು."

"ಕೂಡ್ರಕ್ಕಾ, ಆಮ್ಯಾಲ ಮಾತಾಡೂಣು."

"ಆಮ್ಯಾಲ ಯಾಕ್ರಿ? ಮೊದಲು ಫೋಟೋ ಅಳಸ್ರಿ. ಅಕಿ ಓಣ್ಯಾಗ ಇದನ್ನ ಯಾರರೆ ನೋಡಿದ್ರ ಅಕಿ ಬಾಳೇ ಹೋಗತೈತಿ."

ಹಿಂದಿನಿಂದ, ತಂಡದಲ್ಲಿ ಬಂದಿದ್ದ ಒಬ್ಬಾಕೆ ಅಂದಳು: "ಎರಡು ದಿನ ಎಣ್ಣಿ ತಿಕ್ಕಿಸ್ಕೊಂಡು ಕರ್ತನ್ನೇ ಮರ್ತಾಳ ನೋಡವ್ವ!"

"ಮರ್ತಿಲ್ಲ ಯಕ್ಕಾ. ಶಿಷ್ಯರ ಕಾಲು ತೊಳೆದ ಕರ್ತನ್ನ ನಾ ಅಲ್ಲೇ ನೆನಸಿದ್ದು."

ಫೋಟೋ ಅಳಿಸುವವರೆಗೂ ನಾನು ಕೂರಲಿಲ್ಲ. ಮುಂದೆ ಯಾವ ತಂಡಕ್ಕೂ ನನ್ನನ್ನು ಕರೆಯಲಿಲ್ಲ. ಚರ್ಚನ್ನು ನಾನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಆ ಘಾಟು ಬಡಿದ ದಿನ ಹಳೆಯ ನಂಬರು ಹುಡುಕಿ ಫೋನ್ ಮಾಡಿದೆ. ಮಗ ಎತ್ತಿದ. ಖಾಲಾ ಹೋಗಿ ಎರಡು ಚಳಿಗಾಲ ಕಳೆದಿವೆಯಂತೆ... ಆ ಫೋಟೋದ ವಿಷಯ ಹೇಳಿ ಅವಳ ಕ್ಷಮೆ ಕೇಳಬೇಕಿತ್ತು. ಅದು ಹಾಗೇ ಉಳಿಯಿತು.

ಈ ಸಲ ಮತ್ತೆ ತಂಡ ಹೊರಟಿದೆ. ಹುಡುಗಿಯರಿಗೆ ನಾಲ್ಕು ಉರ್ದು ಮಾತು ಕಲಿಸಿರೆಂದು ಹಿರಿಯರು ಹೇಳಿ ಕಳಿಸಿದ್ದರು. ಕಲಿಸುತ್ತಿದ್ದೇನೆ. ಫೋಟೋ ತೆಗೆಯಲೇ ಎಂದು ಕೇಳುವುದು ಮೊದಲ ಪಾಠ. ಅವರು ಬೇಡವೆಂದರೆ ಮೊಬೈಲು ಒಳಗಿಡುವುದು ಎರಡನೆಯದು. ಹಿರಿಯರಿಗೆ ಸಿಟ್ಟು ಬಂದಿದೆಯಂತೆ.

ಬರಲಿ.