‘ಜೈನ್’ ಬಿದ್ದುಹೋದದ್ದೆಲ್ಲಿ?

ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಶಟರ್ ಇನ್ನೂ ಅರ್ಧ ಮಾತ್ರ ಎದ್ದಿದೆ. ಒಳಗೆ ಗ್ರೈಂಡರ್ ತಿರುಗುತ್ತಿದೆ. ನಾನು ಕೂತ ಮೂಲೆಯ ಮೇಜಿನ ಮೇಲೆ ಹರಿಣಿ ಅವರ ಎರಡು ಫೋನುಗಳಿವೆ. ಒಂದರಲ್ಲಿ ಹೋಟೆಲಿನ ಹಳೆಯ ಆರ್ಡರ್ ಆ್ಯಪ್, ಇನ್ನೊಂದರಲ್ಲಿ ಇವತ್ತು ಶುರುವಾಗಲಿರುವ ಹೊಸದು. ಒಂದನ್ನು ಒತ್ತುತ್ತಾರೆ, ಎದ್ದು ಹೋಗಿ ಅಡುಗೆಮನೆಯ ಪರದೆ ನೋಡುತ್ತಾರೆ, ಮತ್ತೆ ಬಂದು ಇನ್ನೊಂದನ್ನು ಒತ್ತುತ್ತಾರೆ. ಮಲಾಡ್‌ನಿಂದ ಬೆಳಗಿನ ಲೋಕಲ್ ಹಿಡಿದು ಬಂದವರು, ತರಿಸಿದ ಚಹಾ ಆರಿಹೋಗಿದೆ.

ಹರಿಣಿ ಪವಾಯಿಯ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡಿನಲ್ಲಿ ನಡೆಯುವ ಈ ಹೊಸ ಹೈಬ್ರಿಡ್ ಆ್ಯಪ್‌ನ ಒಳವಿನ್ಯಾಸವನ್ನು ಆರಿಸಿದವರು ಅವರೇ. ಆ್ಯಪ್‌ನ ಬಣ್ಣವನ್ನು ಮೊದಲೇ ನೋಡಿ ಹೊಗಳಿದವರುಂಟು, ಗುಂಡಿಗಳ ಅಂದ ಹೊಗಳಿದವರುಂಟು. ಒಳಗಿನ ಕೆಲಸ ಯಾರದೆಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ.

ಹಳೆಯ ಆ್ಯಪ್ ಮಾಡಿದವರು ನಿಯಮಗಳನ್ನೆಲ್ಲ ಒಂದೊಂದು ಪುಟದೊಳಗೂ ಬೇರೆಬೇರೆಯಾಗಿ ತುರುಕಿದ್ದರು. ‘ಜೈನ್’ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲ, ಮಸಾಲೆ ದೋಸೆಗೆ ಬಾಳೆಕಾಯಿ ಪಲ್ಯ. ಮುಂಬಯಿಯ ಯಾವ ಮಾಣಿಯನ್ನು ಕೇಳಿದರೂ ಹೇಳುತ್ತಾನೆ. ಮೆನು ಪುಟದಲ್ಲಿ ಅದನ್ನು ಬರೆದವರು ‘ಮತ್ತೆ ಅದೇ ಆರ್ಡರ್’ ಪುಟದಲ್ಲಿ ಮರೆತುಬಿಟ್ಟರು. ಖಾಯಂ ಗಿರಾಕಿಯಾದ ಜೈನ ಅಜ್ಜಿಯೊಬ್ಬರು ಅದೇ ಗುಂಡಿ ಒತ್ತಿದರು. ಅಡುಗೆಮನೆಗೆ ಬರೀ ‘ಮಸಾಲೆ ದೋಸೆ’ ಎಂದು ಬಂತು. ಜನ್ಮದಲ್ಲಿ ಈರುಳ್ಳಿ ಮುಟ್ಟದ ಜೀವ, ಒಂದು ತುತ್ತು ಬಾಯಿಗಿಟ್ಟು ಅಲ್ಲೇ ಅತ್ತುಬಿಟ್ಟರಂತೆ.

ಬೈಸಿಕೊಂಡದ್ದು ಯಾರು? ಆ್ಯಪ್ ಮಾಡಿದವರಲ್ಲ, ದೋಸೆ ಹೊಯ್ದ ಬಾಣಸಿಗ ದೂಜ! ಮಾಲೀಕ ಪ್ರಶಾಂತ ಅವರು ದೂಜರನ್ನು ಕಾವಲಿಯಿಂದ ತೆಗೆದು ತರಕಾರಿ ಹೆಚ್ಚಲು ಕೂರಿಸಿದರು. ತಲೆ ನರೆಯುವ ತನಕ ದೋಸೆ ಹೊಯ್ದ ಮನುಷ್ಯನಿಗೆ ಇದೆಂಥ ಮರ್ಯಾದೆ?

“ಪರದೆಯಲ್ಲಿ ಜೈನ್ ಅಂತ ಇರ್ಲೇ ಇಲ್ಲ ಮಾರಾಯ್ರೇ. ಹೇಳಿದೆ. ಕಂಪ್ಯೂಟರ್ ಸುಳ್ಳು ಹೇಳ್ತದಾ ಅಂತ ನನಗೇ ಕೇಳಿದ್ರು,” ಎನ್ನುತ್ತಾರೆ ದೂಜ, ಈರುಳ್ಳಿ ಹೆಚ್ಚುತ್ತಲೇ.

ಆ್ಯಪ್ ರಿಪೇರಿಯ ಕೆಲಸ ಹರಿಣಿಯವರ ಕಂಪನಿಗೆ ಬಂತು. “ಆ ಒಂದು ಪುಟ ಸರಿ ಮಾಡಿ ಕೊಡು, ಒಳಗಿಂದು ಗಿರಾಕಿಗೆ ಕಾಣ್ತದಾ?” ಎಂದರಂತೆ ಅವರ ಮೇಲಧಿಕಾರಿ ಹಿತೇಶ್. ಹರಿಣಿ ಒಪ್ಪಲಿಲ್ಲ. ತೇಪೆ ಹಾಕಿದರೆ ನಾಳೆ ಇನ್ನೊಂದು ಪುಟದಲ್ಲಿ ‘ಜೈನ್’ ಬಿದ್ದುಹೋಗುತ್ತದೆ, ಆಗ ಇನ್ನೊಬ್ಬ ದೂಜ ಬೈಸಿಕೊಳ್ಳುತ್ತಾನೆ. ಎರಡು ಮೂರು ಪದ್ಧತಿಗಳನ್ನು ತೂಗಿ ನೋಡಿ, ಎಂವಿವಿಎಂ ಎಂಬ ವಿನ್ಯಾಸವನ್ನು ಹಟ ಹಿಡಿದು ಆರಿಸಿ, ಇಡೀ ಆ್ಯಪ್ ಹೊಸದಾಗಿ ಬರೆದರು.

ಹಾಗೆಂದರೇನು? ಮುಂಬಯಿಯಲ್ಲೇ ಹುಟ್ಟಿದ ಹರಿಣಿ ತಡವರಿಸುತ್ತ ಕನ್ನಡದಲ್ಲೇ ಹೇಳುತ್ತಾರೆ: “ಪರದೆ ಸಿರ್ಫ್ ತೋರಿಸ್ಬೇಕು, ಅಷ್ಟೇ. ರೂಲ್ ಒಂದೇ ಜಾಗದಲ್ಲಿ. ನಡುವೆ ಒಬ್ಬ ವೇಟರ್ ಥರ, ಈ ಕಡೆ ಮಾತು ಆ ಕಡೆ. ಗಿರಾಕಿ ಯಾವ ಟೇಬಲ್‌ನಲ್ಲಿ ಕೂತ್ರೂ ಕಿಚನ್ ಒಂದೇ ಅಲ್ವಾ?”

ಇಷ್ಟು ನೇರವಾದ ಮಾತು ಆಫೀಸಿನಲ್ಲಿ ಯಾರ ತಲೆಗೂ ಹೋಗಲಿಲ್ಲ. ‘ಟೈಮ್‌ಪಾಸ್ ಮಾಡ್ತಾಳೆ’ ಎಂದು ಮೀಟಿಂಗಿನಲ್ಲೇ ಆಡಿಕೊಂಡರು. ಕೆಲಸ ಮುಗಿದ ಮೇಲೆ ಅದೇ ವಿನ್ಯಾಸವನ್ನು ಕಂಪನಿಯ ದೊಡ್ಡವರೆದುರು ತಮ್ಮದೆಂದು ತೋರಿಸಿ ಚಪ್ಪಾಳೆ ಗಿಟ್ಟಿಸಿದವರು ಹಿತೇಶ್. ನಾಚಿಕೆ ಬೇಡವೇ?

ದೂಜ ಕೈ ಒರೆಸುತ್ತ ಮೇಜಿನ ಬಳಿ ಬರುತ್ತಾರೆ. “ಮೇಡಂ, ಅಜ್ಜಿ ಒತ್ತಿದ ಹಾಗೇ ಒಮ್ಮೆ ಒತ್ತಿ. ಧಣಿಗಳು ನೋಡ್ಲಿ.”

ಹರಿಣಿ ಪ್ರಶಾಂತರನ್ನು ಕರೆದು ಅಡುಗೆಮನೆಯ ಪರದೆಯೆದುರು ನಿಲ್ಲಿಸುತ್ತಾರೆ. ಎರಡೂ ಫೋನಿನಲ್ಲಿ ಜೈನ್ ಮಸಾಲೆ ದೋಸೆ ಕೇಳಿ, ನಂತರ ‘ಮತ್ತೆ ಅದೇ ಆರ್ಡರ್’ ಒತ್ತುತ್ತಾರೆ. ಹೊಸ ಆ್ಯಪ್‌ನಿಂದ ‘ಮಸಾಲೆ ದೋಸೆ, ಜೈನ್’ ಎಂದು ಬರುತ್ತದೆ. ಹಳೆಯದರಿಂದ ಬರೀ ‘ಮಸಾಲೆ ದೋಸೆ’. ಪ್ರಶಾಂತ ಎರಡು ಸಲ ಓದಿ ಕತ್ತು ಕೆರೆದುಕೊಳ್ಳುತ್ತಾರೆ.

“ಸರಿ ಸರಿ, ತಿಂಡಿ ಹೊತ್ತಾಯ್ತು. ದೂಜ, ಕಾವಲಿ ಬಿಸಿ ಮಾಡು.”

ಅಷ್ಟೇ. ತಪ್ಪಾಯ್ತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ. ದೂಜ ಮಾತ್ರ ಆಗಲೇ ಕೈ ತೊಳೆದು ಕಾವಲಿಗೆ ನೀರು ಚಿಮುಕಿಸಿದ್ದಾರೆ.

ಇಷ್ಟೆಲ್ಲ ಮಾಡಿಯೂ ಎಲ್ಲೂ ನಿಮ್ಮ ಹೆಸರಿಲ್ಲವಲ್ಲ ಎಂದು ಹರಿಣಿಯವರನ್ನು ಕೆಣಕುತ್ತೇನೆ. ಅವರು ಲ್ಯಾಪ್‌ಟಾಪ್ ಚೀಲಕ್ಕೆ ಹಾಕುತ್ತ ನಗುತ್ತಾರೆ.

“ಹೆಸರು ಛೋಡೋ ಸರ್. ರೂಲ್ ಈಗ ಒಂದೇ ಜಾಗದಲ್ಲಿ ಉಂಟು, ಬರೆದದ್ದು ನಾನು. ಮಿಸ್ಟೇಕ್ ಆದ್ರೆ ನನ್ನನ್ನೇ ಬೈಬೇಕು, ದೂಜಣ್ಣನನ್ನು ಅಲ್ಲ.”