ತಪ್ಪು ನನ್ನ ಅಂಗಡಿಯದು

ಹೋದ ಭಾನುವಾರ ಒಂದು ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕು ಬಂದೆ.

ತಪ್ಪು ತಿಳಿಯಬೇಡಿ. ತೀರಿಕೊಂಡವರ ಮಗಳೇ ನನಗಿಂತ ಜೋರಾಗಿ ನಗುತ್ತಿದ್ದಳು.

ತೀರಿಕೊಂಡವರು ವಸಂತ ಕಾಕಾ. ಪುಣೆಯ ಶನಿವಾರ ಪೇಠೆಯಲ್ಲಿ ಜಮೀನು ಅಳೆಯುವ ಸಲಕರಣೆಗಳ ಅಂಗಡಿ ಅವರದು. ವಿಜಯಪುರದ ಕಡೆಯಿಂದ ಬಂದ ಅವರಪ್ಪ ಅದನ್ನು ತೆರೆದರು. ಆಮೇಲೆ ಕಾಕಾ ನಡೆಸಿದರು, ಈಗ ಮಗಳು ಮೃದುಲಾ. ಕಬ್ಬಿಣದ ಸರಪಳಿ ಮಾರುತ್ತಿದ್ದ ಅಂಗಡಿಯಲ್ಲಿ ಈಗ ಡ್ರೋನ್ ಸಿಗುತ್ತದೆ. ನನ್ನಂಥ ಸರ್ವೇಯರುಗಳಿಗೆ ಅದು ದವಾಖಾನೆ ಕೂಡ. ಕೆಟ್ಟ ಮಷೀನುಗಳಿಗೆಲ್ಲ ಕಾಕಾನೇ ಡಾಕ್ಟರು. (ನನಗೆ ಡೆಂಗ್ಯೂ ಬಂದು ಮಲಗಿದ್ದೇನೆ ಅಂತ ಫೋನಿನಲ್ಲಿ ಹೇಳಿದಾಗ, ಮಷೀನನ್ನು ಒಣ ಜಾಗದಲ್ಲಿ ಇಟ್ಟಿದ್ದೀಯಾ ಎಂದು ಮೊದಲು ಕೇಳಿದವರು.)

ನನ್ನ ಅಪ್ಪ ಯಾದಗಿರಿ ಕಡೆಯಿಂದ ಬಂದು ಯೆರವಡಾದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದವರು. ಮಗಳಾದ ನಾನು ಡಿಪ್ಲೊಮಾ ಮುಗಿಸಿ ಸರ್ವೇಯರ್ ಆದಾಗ ಅವರು ಕೆಲಸದ ಸೈಟಿನಲ್ಲೆಲ್ಲ ಚಹಾ ಕುಡಿಸಿದ್ದರು. ಅದಾಗಿ ವರ್ಷದೊಳಗೆ ನಾನೇ ಸ್ವತಂತ್ರವಾಗಿ ಹಿಡಿದ ಮೊದಲ ಕೆಲಸ ಸಿಕ್ಕಿತು. ಇಂದಾಪುರದ ಹತ್ತಿರ ಒಂದು ಹಳ್ಳಿ. ಹತ್ತಾರು ರೈತರು ಕೂಡಿ ಕೆರೆಯಿಂದ ತಮ್ಮ ಹೊಲಗಳಿಗೆ ಕಾಲುವೆ ತೋಡಿಕೊಳ್ಳುವವರಿದ್ದರು. ಪಂಪು ಬೇಡ, ನೀರು ಇಳಿಜಾರಿನಲ್ಲಿ ತಾನೇ ಹರಿಯಬೇಕು. ಎಲ್ಲಿ ಎಷ್ಟು ಆಳ ತೋಡಬೇಕು ಅಂತ ಅಳೆದು ಹೇಳುವುದು ನನ್ನ ಕೆಲಸ.

ಅಳೆದೆ. ಹೇಳಿದೆ. ಅವರೇ ಗುದ್ದಲಿ ಹಿಡಿದು ಮೂರು ವಾರ ತೋಡಿದರು. ನೀರು ಬಿಟ್ಟರು.

ಅರ್ಧ ದಾರಿಗೆ ಬಂದ ನೀರು ಅಲ್ಲೇ ನಿಂತಿತು. ಹಟ ಹಿಡಿದ ಎಮ್ಮೆ ನಿಲ್ಲುವ ಹಾಗೆ.

ಆ ದಿನ ಕೇಳಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಹೆಣ್ಣುಮಗಳ ಕೈಗೆ ಕೊಟ್ಟದ್ದೇ ತಪ್ಪಾಯಿತು ಅಂದರು ಒಬ್ಬ ಅಜ್ಜ. ಬೇರೆ ಸರ್ವೇಯರನ್ನು ಕರೆಸೋಣ ಅಂದರು ಇನ್ನೊಬ್ಬರು. ಹಳ್ಳಿಯ ಮಾತು ತಾಲೂಕಿಗೆ ಹೋಗಲು ಎಷ್ಟು ಹೊತ್ತು ಬೇಕು? ಒಂದು ಎಸ್‌ಟಿ ಬಸ್ಸು ಹೊರಟರೆ ಸಾಕು. ಮೊದಲ ಕೆಲಸವೇ ಕೊನೆಯ ಕೆಲಸ ಆಯಿತು ಅಂದುಕೊಂಡೆ. ಅಪ್ಪನಿಗೆ ಏನು ಹೇಳಲಿ?

ಕಾಕಾಗೆ ಫೋನ್ ಮಾಡಿದೆ. ನಿಮ್ಮ ಅಂಗಡಿಯಲ್ಲಿ ಕೊಂಡ ಮಷೀನೇ ಕೆಟ್ಟದ್ದು, ನನ್ನ ಮರ್ಯಾದೆ ಹೋಯಿತು ಅಂತ ಕೂಗಾಡಿದೆ. ಅವರು ಪೂರ್ತಿ ಕೇಳಿ ಎರಡೇ ಮಾತು ಹೇಳಿದರು.

"ನಾಳೆ ಮುಂಜಾನೆ ಬರ್ತೀನವಾ. ಅಲ್ಲೀತನಕ ಯಾವುದಕ್ಕೂ ಕೈ ಹಚ್ಚಬ್ಯಾಡ."

ಬಂದರು. ತಮ್ಮ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ಕಂಡಕ್ಟರು ಅದನ್ನು ಮೇಲಿಡಿ ಅಂದದ್ದಕ್ಕೆ, ಬೇಕಾದರೆ ಅದಕ್ಕೂ ಒಂದು ಟಿಕೆಟ್ ಹರಿ ಅಂದರಂತೆ.

ಮೊದಲು ನನ್ನ ಮಷೀನನ್ನು ಪರೀಕ್ಷಿಸಿದರು. ದುರ್ಬೀನಿನಂಥ ಆ ಮಷೀನು ಸರಿಯಾಗಿತ್ತು. ಆಮೇಲೆ, ಮೊದಲು ಹೇಗೆ ಅಳೆದೆಯೋ ಹಾಗೆಯೇ ಅಳೆದು ತೋರಿಸು ಅಂದರು. ನಾನು ಸ್ಟಾಫ್ ತೆಗೆದೆ. ಸ್ಟಾಫ್ ಅಂದರೆ ಅಂಕಿ ಬರೆದ ಉದ್ದನೆಯ ಪಟ್ಟಿ. ಒಂದರೊಳಗೊಂದು ತುಂಡು ಕೂತಿರುತ್ತದೆ, ಮೇಲಕ್ಕೆ ಎಳೆದರೆ ಲಾಕ್ ಬಿದ್ದು ಎರಡಾಳು ಎತ್ತರ ಆಗುತ್ತದೆ. ಅದನ್ನು ದೂರದಲ್ಲಿ ನಿಲ್ಲಿಸಿ, ಮಷೀನಿನಲ್ಲಿ ಕಣ್ಣಿಟ್ಟು ಅಂಕಿ ಓದಬೇಕು.

ನಾನು ಎಳೆದೆ. ಒಬ್ಬ ರೈತನ ಕೈಗೆ ಕೊಟ್ಟೆ. ಕಾಕಾ ಅದರ ಹತ್ತಿರ ಹೋಗಿ, ತುಂಡುಗಳು ಕೂಡುವಲ್ಲಿ ಬೆರಳಾಡಿಸಿ, ಒಮ್ಮೆ ನನ್ನ ಕಡೆ, ಒಮ್ಮೆ ರೈತರ ಕಡೆ ನೋಡಿದರು. ಆಮೇಲೆ ಎಲ್ಲರನ್ನೂ ಕರೆದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದರು. ಈ ಸ್ಟಾಫಿನ ಲಾಕ್ ಸವೆದಿದೆ, ಮೇಲಿನ ತುಂಡು ನಾಲ್ಕು ಬೆರಳು ಕೆಳಗೆ ಜಾರಿದೆ, ಅದಕ್ಕೇ ಅಳತೆ ತಪ್ಪಿದೆ. ಈ ಮಗಳಿಗೆ ಅದು ಗೊತ್ತಾಗಲು ಸಾಧ್ಯವೇ ಇರಲಿಲ್ಲ. "ತಪ್ಪು ನನ್ನ ಅಂಗಡಿಯದು."

ಜನರ ಸಿಟ್ಟೆಲ್ಲ ಅವರ ಕಡೆ ತಿರುಗಿತು. ಇಂಥ ಮಾಲು ಮಾರಲು ನಾಚಿಕೆ ಆಗುವುದಿಲ್ಲವೇ ಅಂತ ಕೇಳಿದರು. ಕಾಕಾ ಕೈಮುಗಿದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ ಆಯಿತು. ಬೈಸಿಕೊಳ್ಳಲಿ ಅನ್ನಿಸಿತು.

ಅವತ್ತು ಬಿಸಿಲಲ್ಲಿ ಇಬ್ಬರೂ ಇಡೀ ಕಾಲುವೆ ಮತ್ತೆ ಅಳೆದೆವು. ನಡುವೆ ಎಲ್ಲಿ ಇನ್ನಷ್ಟು ತೋಡಬೇಕು ಅಂತ ಗುರುತು ಹಾಕಿದೆವು. ಹೊರಡುವ ಮುಂಚೆ ಕಾಕಾ ನನ್ನ ಹಳೆಯ ಸ್ಟಾಫ್ ತೆಗೆದುಕೊಂಡು ತಾವು ತಂದಿದ್ದ ಹೊಸದನ್ನು ಕೊಟ್ಟರು. ನನ್ನ ಕೈಯಿಂದ ಹತ್ತು ಸಲ ಎಳೆಸಿದರು. "ಕಟ್ ಅಂತ ಸಪ್ಪಳ ಬರಬೇಕು. ಬಂತನಾ?" ಬಂತು ಅಂದೆ. "ಇನ್ನೊಮ್ಮಿ." ಹೊಸ ಮಾಲಿನ ವಿಶೇಷ ತೋರಿಸುತ್ತಿದ್ದಾರೆ ಅಂದುಕೊಂಡೆ.

ಕೆಲವು ದಿನ ಬಿಟ್ಟು ನೀರು ಕೊನೆಯ ಹೊಲದವರೆಗೆ ಹರಿಯಿತು. ನನ್ನ ಕೈಯಿಂದಲೇ ತೆಂಗಿನಕಾಯಿ ಒಡೆಸಿದರು. ಮುಂದಿನ ಕೆಲಸ ಕೊಡಿಸಿದವರು ಅದೇ ಅಜ್ಜ.

ಹದಿನೆಂಟು ವರ್ಷದಿಂದ ಈ ಕಥೆಯನ್ನು ನಾನು ಕಂಡಕಂಡಲ್ಲಿ ಹೇಳಿದ್ದೇನೆ. ಭಾನುವಾರದ ಸಭೆಯಲ್ಲೂ ಹೇಳಿದೆ. ತನ್ನ ಮಾಲು ಕೆಟ್ಟದ್ದು ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಂಡ ಪ್ರಾಮಾಣಿಕ ವ್ಯಾಪಾರಿ ಅಂತ ಹೊಗಳಿದೆ. ಮುಂದಿನ ಸಾಲಿನಲ್ಲಿದ್ದ ಮೃದುಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾಳೆ ಅಂದುಕೊಂಡೆ.

ಅವಳು ಎದ್ದು ಬಂದು ಮೈಕ್ ತೆಗೆದುಕೊಂಡಳು.

"ರೇಣುಕಾ ಅವ್ರ, ಆ ಸ್ಟಾಫ್ ಇನ್ನೂ ನಮ್ಮ ಅಂಗಡ್ಯಾಗ ಅದರೀ. ಅದರ ಲಾಕಿಗೆ ಏನೂ ಆಗಿಲ್ಲ. ನೀವು ಪೂರ್ತಿ ಎಳದಿದ್ದಿಲ್ಲ."

ಸಭೆಯೆಲ್ಲ ನನ್ನ ಕಡೆ ತಿರುಗಿತು. ನನ್ನ ಕಿವಿ ಕಾದವು.

ಕಾಲುವೆ ಅಳೆದ ದಿನ ಮನೆಗೆ ಬಂದು ಊಟಕ್ಕೆ ಕೂತಾಗ ಕಾಕಾ ನಿಜ ಸಂಗತಿ ಹೇಳಿದ್ದರಂತೆ. ಮತ್ತೆ ಸುಳ್ಳು ಯಾಕೆ ಹೇಳಿದಿರಿ ಅಂತ ಮಗಳು ಕೇಳಿದ್ದಳು. "ಖರೇ ಹೇಳಿದ್ರ ಆ ಹುಡುಗಿಗೆ ಆ ತಾಲೂಕಿನಾಗ ಯಾರೂ ಕೆಲಸಾ ಕೊಡ್ತಿದ್ದಿಲ್ಲ. ನಮ್ಮ ಅಂಗಡಿಗೇನು, ಇನ್ನೊಂದು ಬೈಗುಳ ತಡಕೋತದ" ಅಂದಿದ್ದರಂತೆ.

ನಾನು ಏನಾದರೂ ಹೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಸಾಸವಡದ ಹಿರಿಯ ಸರ್ವೇಯರೊಬ್ಬರು ಎದ್ದು ನಿಂತರು. ಹಾಗಾದರೆ ನನ್ನ ಮಷೀನು ಕಂಪನಿಯಿಂದಲೇ ಕೆಟ್ಟು ಬಂದಿತ್ತು ಅಂದಿದ್ದರಲ್ಲ, ಅದು? ಮೃದುಲಾ ನಿಧಾನವಾಗಿ ಹೇಳಿದಳು: "ಅದನ್ನ ನೀವು ಕೆಡವಿದ್ರಿ."

ನನ್ನ ಟೇಪು ಹಿಗ್ಗಿತ್ತು ಅಂದಿದ್ದರು, ಅಂದರು ಮತ್ತೊಬ್ಬರು. ಹಿಗ್ಗಿರಲಿಲ್ಲ, ನೀವು ಓದಿದ್ದೇ ತಪ್ಪು ಅಂದಳು ಮೃದುಲಾ. ಆಮೇಲೆ ಕೇಳಬೇಡಿ. ಕೂದಲು ನರೆತ ಸರ್ವೇಯರುಗಳು ಒಬ್ಬೊಬ್ಬರೇ ಎದ್ದು ತಮ್ಮ ಹಳೆಯ ದೂರು ಹೇಳುವುದು, ಮೃದುಲಾ ಇಲ್ಲ ಅಂತ ತಲೆಯಾಡಿಸುವುದು, ಸಭೆ ಬಿದ್ದು ಬಿದ್ದು ನಗುವುದು. ಗಿರಾಕಿಗಳೆಲ್ಲ ಒಂದೇ ಕಡೆ ಸೇರಿ ಮಾತಾಡಿದರೆ ಗತಿ ಏನು ಅನ್ನುವುದೊಂದೇ ಅಪ್ಪನಿಗೆ ಹೆದರಿಕೆ ಇತ್ತು ಅಂದಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಸುಳ್ಳು ಸುಳ್ಳೇ ಅಲ್ಲವೇ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಕಾಲುವೆಯ ತಪ್ಪನ್ನು ಕಾಕಾ ಅವತ್ತೇ ತಿದ್ದಿಸಿದ್ದರು, ಹತ್ತು ಸಲ ಎಳೆಸಿ ನನ್ನ ಕೈಯ ತಪ್ಪನ್ನೂ ತಿದ್ದಿದ್ದರು. ಬದಲಾದದ್ದು ತಪ್ಪಿನ ಮುಂದಿದ್ದ ಹೆಸರು ಮಾತ್ರ.

ನಮ್ಮ ಅಪಾರ್ಟ್ಮೆಂಟ್ ಸೊಸೈಟಿಯಲ್ಲಿ ಟ್ಯಾಂಕು ತುಂಬಿ ನೀರು ಹೊರಗೆ ಹರಿದರೆ, ಮೋಟರು ಬಂದ್ ಮಾಡುವ ಮುಂಚೆ ಯಾರು ಮರೆತರು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬರುತ್ತದೆ. ನಾನೇನು ಕಡಿಮೆಯೇ? ಹೋದ ತಿಂಗಳು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಒಂದು ಪ್ಲಾನಿನಲ್ಲಿ ತಪ್ಪಿದಾಗ, ಅವರ ಹೆಸರು ಹಾಕಿಯೇ ಬಿಲ್ಡರಿಗೆ ಮೇಲ್ ಕಳಿಸಿದೆ. ಸೋಮವಾರ ಅವರನ್ನು ಚಹಾಕ್ಕೆ ಕರೆದೆ. ಕ್ಷಮೆ ಕೇಳಿದೆ. ಅವರು ಪರವಾಗಿಲ್ಲ ಮೇಡಂ ಅಂದರು. ಪರವಾಗಿಲ್ಲ ಅನ್ನುವ ಮುಖ ಅದಾಗಿರಲಿಲ್ಲ.

ತಪ್ಪು ಎಲ್ಲಿದೆ ಅಂತ ಹುಡುಕುವುದನ್ನು ನನಗೆ ಡಿಪ್ಲೊಮಾದಲ್ಲಿ ಮೂರು ವರ್ಷ ಕೂರಿಸಿ ಕಲಿಸಿದರು. ಸಿಕ್ಕ ಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?