ಪಂಚಮ ಹಿಡಿದ ನಳ

ಹುಬ್ಬಳ್ಳಿಗೆ ಸೊಸೆಯಾಗಿ ಬಂದ ಮೊದಲ ಎರಡು ವರ್ಷ ನನ್ನ ಅಂಗೈ ನೋಡಿದ ಯಾರೂ ನಾನು ಮಾಸ್ತರರ ಮನೆಯ ಸೊಸೆ ಎಂದು ನಂಬುತ್ತಿರಲಿಲ್ಲ. ಹಿತ್ತಲ ಬಾವಿಯಿಂದ ದಿನಕ್ಕೆ ಇಪ್ಪತ್ತೆಂಟು ಕೊಡ ನೀರು ಸೇದಬೇಕಿತ್ತು. ಹಗ್ಗ ತಿಕ್ಕಿ ತಿಕ್ಕಿ ಬೊಬ್ಬೆ ಎದ್ದು, ಒಡೆದು, ಕಡೆಗೆ ಕೈ ಜಡ್ಡುಗಟ್ಟಿತ್ತು. ಹಾಗಾಗಿ ನಮ್ಮ ಅಡುಗೆಮನೆಯ ಹಿಂದಿನ ಗೋಡೆಗೆ ನಳ ಬಂದ ದಿನ ನಾನು ಅದಕ್ಕೆ ಆರತಿ ಎತ್ತದೆ ಬಿಟ್ಟದ್ದು ಬರೀ ನಾಚಿಕೆಯಿಂದ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಕೆಲವು ವರ್ಷ ಇದ್ದವು. ನಮ್ಮ ಓಣಿಯಲ್ಲಿ ಮನೆಯೊಳಗೇ ನಳ ಇದ್ದದ್ದು ಮೂರೇ ಮನೆಗಳಲ್ಲಿ.

ಮನೆಯಲ್ಲಿ ನಾವು ನಾಲ್ಕು ಜನ. ಸಾಲೆಯ ಕೆಲಸದಿಂದ ನಿವೃತ್ತರಾಗಿ ತಂಬೂರಿಗೆ ಅಂಟಿಕೊಂಡಿದ್ದ ಮಾವನವರು, ಅವರ ತಾಯಿ, ನನ್ನ ಗಂಡ, ನಾನು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನವರ ತಾಯಿಯನ್ನು ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಮನೆಯ ಕಾರಭಾರ ಅವರದು. ಮಡಿಯ ವಿಷಯದಲ್ಲಂತೂ ಅವರು ಹೇಳಿದ ಮೇಲೆ ಅಪೀಲು ಇರಲಿಲ್ಲ.

ನಳ ಹಾಕಿಸುವ ಮೊದಲು ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಅದರೊಳಗ ತೊಗಲು ಇರ್ತದಂತ. ಖರೇನೋ?"

"ಛೆ, ಬರೇ ಹಿತ್ತಾಳಿ ಅವ್ವಾ. ನಮ್ಮ ತಂಬಿಗಿ ಇದ್ದಂಗ," ಎಂದರು ಮಾವನವರು.

ತೊಗಲು ತಾಗಿದ ನೀರು ಅಡುಗೆಗೂ ನಡೆಯದು, ದೇವರಿಗೂ ನಡೆಯದು. ಹಿತ್ತಾಳೆಗೆ ಆ ತೊಡಕಿಲ್ಲ. ಅಜ್ಜಿ ಒಪ್ಪಿದರು. ಆದರೂ ತಾವಾಗಿ ಆ ನಳವನ್ನು ಒಂದು ದಿನವೂ ಮುಟ್ಟಲಿಲ್ಲ. ನಾನು ತುಂಬಿಸಿ ತಂದದ್ದನ್ನು ಬಳಸುತ್ತಿದ್ದರು, ಅಷ್ಟೇ. ನನಗೇನು, ಆರು ತಿಂಗಳು ನಾನು ರಾಣಿ.

ಶ್ರಾವಣ ಬಂತು, ನಳಕ್ಕೆ ಏನೋ ಆಯಿತು. ಎಷ್ಟು ಬಿಗಿದರೂ ತೊಟ್ಟಿಕ್ಕುವುದು ನಿಲ್ಲಲಿಲ್ಲ. ಅದಾದರೂ ಹೋಗಲಿ ಎನ್ನಬಹುದಿತ್ತು. ಅರ್ಧ ತಿರುಗಿಸಿದರೆ ಸಾಕು, ಗೋಡೆಯೊಳಗಿನಿಂದ "ಹೂಂ" ಎಂದು ಉದ್ದಕ್ಕೆ ಒಂದು ದನಿ ಏಳುತ್ತಿತ್ತು. ಗೋಡೆಯ ಮಾಡದಲ್ಲಿದ್ದ ಬೇಳೆ ಡಬ್ಬಿಗಳು ಗಡಗಡ ಎನ್ನುತ್ತಿದ್ದವು. ಪಕ್ಕದ ಮನೆಯ ಎಮ್ಮೆ ಅದಕ್ಕೆ ತಪ್ಪದೆ ಉತ್ತರ ಕೊಡುತ್ತಿತ್ತು. ಕರು ಕಳೆದುಕೊಂಡ ಎಮ್ಮೆ ಅದು, ಅದರ ದುಃಖ ಅದಕ್ಕೆ.

ಆಮೇಲೆ ಮನೆಯ ಎಲ್ಲರೂ ವೈದ್ಯರಾದರು. ನನ್ನ ಗಂಡ ಕಿವಿಗೊಟ್ಟು ಕೇಳಿ, "ನಳ ಅಂದ ಮ್ಯಾಲೆ ಸಪ್ಪಳ ಮಾಡೇ ಮಾಡ್ತದ," ಎಂದು ಟೋಪಿ ಇಟ್ಟುಕೊಂಡು ಕಚೇರಿಗೆ ಹೋದರು. ಅವರ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಅಜ್ಜಿ ದೃಷ್ಟಿ ತಾಗಿದೆ ಎಂದು ನಳಕ್ಕೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದರು. ನಾವೆಲ್ಲ ಕೆಮ್ಮಿದೆವು. ನಳ ಮಾತ್ರ ಕೆಮ್ಮಲಿಲ್ಲ, ಹೂಂಗುಟ್ಟಿತು.

ಮಾವನವರದು ಬೇರೆಯೇ ದಾರಿ. ತಂಬೂರಿ ತಂದು ನಳದ ಎದುರು ಮಣೆ ಹಾಕಿ ಕೂತರು. ನನಗೆ ತಿರುಗಿಸಲು ಹೇಳಿ, ಕಣ್ಣು ಮುಚ್ಚಿ, ತಂತಿ ಮೀಟಿ, ಬಿರಡೆ ಹಿಂಡಿ, ಮತ್ತೆ ಮೀಟಿದರು.

"ಪಂಚಮ ಹಿಡದದ ನೋಡವಾ," ಎಂದರು. "ಒಂದು ಕೂದಲೆಳಿಯಷ್ಟು ಇಳದದ, ಅಷ್ಟ. ಒಳಗ ಗಾಳಿ ಸೇರ್ಯದ. ಗಾಳಿ ಹೋತಂದ್ರ ಸಪ್ಪಳನೂ ಹೋಗ್ತದ."

"ಮಿಸ್ತ್ರಿನ್ನ ಕರಸೋಣೇನ್ರಿ?" ಎಂದೆ.

"ಮಿಸ್ತ್ರಿಗೆ ಶ್ರುತಿ ಏನು ತಿಳೀತದ," ಎಂದು ಅವರು ಮಾತು ಮುಗಿಸಿಬಿಟ್ಟರು. ಮರುದಿನದಿಂದ ಬೆಳಗಿನ ರಿಯಾಜು ನಳದ ಎದುರೇ ಶುರುವಾಯಿತು. ಅವರು, ನಳ, ಎಮ್ಮೆ, ಮೂವರೂ ಸೇರಿ ಓಣಿಗೆ ಭೈರವ ಕೇಳಿಸಿದರು.

ನನಗೆ ಸಿಟ್ಟು ಬಂದಿತ್ತು. ಒಬ್ಬರೂ ನಳದ ಮೈ ಮುಟ್ಟಿ ನೋಡಿರಲಿಲ್ಲ. ಒಂದು ಮಧ್ಯಾಹ್ನ ಒಲೆಯ ಊದುಗೊಳವೆ ತೊಳೆದು ತಂದೆ. ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಕಿವಿಗೆ. ಬೀದಿ ಕಡೆಯ ಪೈಪಿನಲ್ಲಿ ದನಿ ಸಣ್ಣಗಿತ್ತು. ಗೋಡೆಯಲ್ಲಿ ಸ್ವಲ್ಪ ಹೆಚ್ಚು. ನಳದ ಕುತ್ತಿಗೆಗೆ ಹಿಡಿದಾಗ ಕಿವಿಯೇ ಕಿತ್ತುಹೋಯಿತು. ಪೂರ್ತಿ ತಿರುಗಿಸಿದರೆ ದನಿ ಇಲ್ಲ, ಅರ್ಧಕ್ಕೆ ತಂದರೆ ಮತ್ತೆ ಬರುತ್ತದೆ. ಅಂದರೆ ರೋಗ ಗಾಳಿಯದಲ್ಲ, ನಳದ ಗಂಟಲೊಳಗೇ ಏನೋ ಸಡಿಲಾಗಿ ಅದುರುತ್ತಿದೆ. ಇದನ್ನು ಹೇಳಲು ಹೋದಾಗ ಮಾವನವರು ತಂಬೂರಿಯ ಗವಸು ಹುಡುಕಲು ಎದ್ದುಹೋದರು.

ಅದೇ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಗದ್ದಲ. ಮಾವನವರು ಪೂಜೆಗೆ ಉಡುವ ಕೆಂಪು ರೇಷ್ಮೆಯ ಮಗುಟದ ಅಂಚನ್ನು ಇಲಿ ಕಡಿದಿತ್ತು. ಅಜ್ಜಿ ದೇವರಮನೆಯಲ್ಲಿ ಬೋನು ಇಡಿಸಿ, ಅದಕ್ಕೆ ದಿನವೂ ಕೊಬ್ಬರಿ ಸಿಕ್ಕಿಸುತ್ತಿದ್ದರು. ಯಾವ ಇಲಿಯೂ ಬೀಳಲಿಲ್ಲ.

ಒಂದು ಸೋಮವಾರ ಅಜ್ಜಿ ಜಪ ಮಾಡುತ್ತಿದ್ದಾಗ ನಳ, ಎಮ್ಮೆ, ಮಾವನವರು ಒಟ್ಟಿಗೇ ದನಿ ಎತ್ತಿದರು. ಅಜ್ಜಿ ಜಪಮಾಲೆ ಕೆಳಗಿಟ್ಟರು.

"ಗುರುವಾರತನಕಾ ನೋಡ್ತೀನಿ. ಸುಮ್ಮನಾಗಲಿಲ್ಲಂದ್ರ ಅದರ ಬಾಯಿ ಬಂದ್ ಮಾಡಸ್ರಿ. ಬಾವಿ ಎಲ್ಲೂ ಓಡಿ ಹೋಗಿಲ್ಲ."

ಬಾವಿ ಓಡಿಹೋಗಿಲ್ಲ ನಿಜ. ಇಪ್ಪತ್ತೆಂಟು ಕೊಡವೂ ಓಡಿಹೋಗಿರಲಿಲ್ಲ. ಆ ದಿನ ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಆಮೇಲೆ ಕಣ್ಣೊರೆಸಿಕೊಂಡು, ಯಾರನ್ನೂ ಕೇಳದೆ, ಹಿಂದಿನ ಓಣಿಯ ಮಿಸ್ತ್ರಿಗೆ ಹೇಳಿ ಕಳಿಸಿದೆ. ರೈಲ್ವೆ ಎಂಜಿನ್ನಿನ ಪೈಪು ರಿಪೇರಿ ಮಾಡಿ ಮುದುಕನಾದ ಮನುಷ್ಯ ಆತ.

ಬುಧವಾರ ಮಿಸ್ತ್ರಿ ಬಂದಾಗ ಮಾವನವರ ಮುಖ ನೋಡಬೇಕಿತ್ತು.

"ಬಿಚ್ಚೋದು ಬ್ಯಾಡೋ ಮಾರಾಯಾ. ಹೊರಗಿಂದ ಹೊರಗ ಏನರೆ ಮಾಡು," ಎಂದರು.

"ಹೊರಗಿಂದ ಹೊರಗ ಆರತಿ ಮಾಡಬಹುದ್ರಿ ಮಾಸ್ತರ," ಎಂದ ಮಿಸ್ತ್ರಿ. ಬೀದಿ ಕಡೆಯ ನೀರಿನ ಚಾವಿ ಬಂದ್ ಮಾಡಿ, ಪಾನಾ ಹಾಕಿ ತಿರುವಿ ನಳದ ತಲೆ ಬಿಚ್ಚಿದ. ಒಳಗೆ ಬೆರಳಾಡಿಸಿದವನು ಏನನ್ನೋ ಎಳೆದು ಬೆಳಕಿಗೆ ಹಿಡಿದ. ದುಂಡಗೆ ಕತ್ತರಿಸಿದ, ನೆನೆದು ಹರಕಾದ ಕೆಂಪು ರೇಷ್ಮೆ. ಅದರ ಮೇಲೆ ಜರಿಯ ಎರಡು ಎಳೆ.

"ಮೂವತ್ತು ವರ್ಷದಾಗ ನಳಕ್ಕ ರೇಷ್ಮಿ ಉಡಿಸಿದ್ದು ನೋಡಿಲ್ರಿ," ಎಂದ. "ಇಲ್ಲಿ ತೊಗಲಿನ ವಾಶರ್ ಇತ್ತಲ್ರಿ, ಅದನ್ನ ಯಾರ್ ತಗದ್ರು?"

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ರೇಷ್ಮೆ ನೋಡಿದರು, ಮಗನನ್ನು ನೋಡಿದರು.

"ಇಲಿ ಸಿಕ್ಕಿತು," ಎಂದರು.

ಮಾವನವರು ಸಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತು ಎಲ್ಲ ಹೇಳಿದರು. ನಳದಲ್ಲಿ ತೊಗಲು ಇರುವುದು ಅವರಿಗೆ ಮೊದಲೇ ಗೊತ್ತಿತ್ತು. ಸೊಸೆಯ ಕೈ ನೋಡಲಾರದೆ ಸುಳ್ಳು ಹೇಳಿದ್ದರು. ಶ್ರಾವಣ ಬಂದಾಗ ಹೆತ್ತ ತಾಯಿಗೆ ತೊಗಲ ನೀರು ಕುಡಿಸುವ ಪಾಪ ಕಾಡತೊಡಗಿತು. ಅಜ್ಜಿ, ನಾನು ಇಬ್ಬರೂ ಅಮ್ಮಿನಬಾವಿ ಊರಿಗೆ ಸತ್ಯನಾರಾಯಣ ಪೂಜೆಗೆ ಹೋದಾಗ, ಬೀದಿಯ ಚಾವಿ ಮುಚ್ಚಿ, ಇಕ್ಕಳ ಹಿಡಿದು ನಳ ಬಿಚ್ಚಿ, ತೊಗಲು ತೆಗೆದು, ಮಡಿಗೆ ಭಂಗ ಬಾರದ ಮಗುಟದ ತುಂಡು ಕೂರಿಸಿದ್ದರು. ತಮ್ಮ ಸುಳ್ಳನ್ನು ಖರೇ ಮಾಡಲು ಹೋಗಿ ನಳಕ್ಕೆ ಸಂಗೀತ ಕಲಿಸಿದ್ದರು. ನನಗೆ ನಗು ಬಂತು. ನನ್ನ ಕೈ ನೋಡಿದ್ದರು ಎಂದು ತಿಳಿದು ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ತೊಗಲು ಇಲ್ದ ಇದು ನಿಲ್ಲೂದಿಲ್ರಿ ಅವ್ವಾರ," ಎಂದ ಮಿಸ್ತ್ರಿ, ಮೆಲ್ಲಗೆ.

ಅಜ್ಜಿ ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಬಾವಿಯ ಹಗ್ಗ ಎಲ್ಲಿಟ್ಟಿದ್ದೇನೆ ಎಂದು ಮನಸ್ಸಿನಲ್ಲೇ ಹುಡುಕತೊಡಗಿದೆ. ಅಷ್ಟರಲ್ಲಿ ಅವರು ದೇವರಮನೆಯಿಂದ ಒಂದು ಸುರುಳಿ ತಂದು ಮಿಸ್ತ್ರಿಯ ಮುಂದೆ ಬಿಡಿಸಿದರು. ಕೃಷ್ಣಾಜಿನ. ಅಜ್ಜಿಯ ಗಂಡ ಬದುಕಿದ್ದಷ್ಟು ಕಾಲ ಜಪಕ್ಕೆ ಕೂರುತ್ತಿದ್ದ, ಈಗ ಮಾವನವರು ಪೂಜೆಗೆ ಕೂರುವ ಜಿಂಕೆಯ ಚರ್ಮ.

"ಇದಕ್ಕ ಮೈಲಿಗಿ ಇಲ್ಲ. ಇದರಾಗ ಕತ್ತರಸು," ಎಂದರು.

"ಅವ್ವಾ, ಇದು ಅಪ್ಪಾಂದು," ಎಂದರು ಮಾವನವರು.

"ಗೊತ್ತದ. ಇದರ ಮ್ಯಾಲೆ ಕೂತು ನೀರು ತಾ, ನೀರು ತಾ ಅಂದದ್ದು ಕೇಳೀನಿ. ಇದ್ದಾಗ ನನಗ ಒಂದು ಕೊಡ ಸೇದಿ ಕೊಟ್ಟವರಲ್ಲ. ಈಗರೆ ನೀರಿನ ಕೆಲಸಕ್ಕ ಬರ್ಲಿ."

ಮಿಸ್ತ್ರಿ ತಲೆ ಬಗ್ಗಿಸಿ ನಕ್ಕ. ಕೂದಲು ಹೆರೆದು, ಎರಡು ಬಿಲ್ಲೆ ಕತ್ತರಿಸಿ, ಒಂದರ ಮೇಲೊಂದು ಇಟ್ಟ. ಎಣ್ಣೆ ಕೇಳಿದಾಗ ಅಜ್ಜಿ ಆಕಳ ತುಪ್ಪವನ್ನೇ ಕೊಡಿಸಿದರು. ನಳದ ತಲೆ ಕೂರಿಸಿ ಬೀದಿಯ ಚಾವಿ ತೆರೆದ. ನಾನು ಪೂರ್ತಿ ತಿರುಗಿಸಿದೆ, ಅರ್ಧಕ್ಕೆ ತಂದೆ, ಮುಚ್ಚಿದೆ. ಒಂದು ಹನಿಯೂ ಇಲ್ಲ, ದನಿಯೂ ಇಲ್ಲ. ಪಕ್ಕದ ಎಮ್ಮೆ ಒಮ್ಮೆ ಕೂಗಿ, ಉತ್ತರ ಬಾರದೆ ಸುಮ್ಮನಾಯಿತು.

ಮರುದಿನ ಬೆಳಿಗ್ಗೆ ಮಾವನವರು ಕೃಷ್ಣಾಜಿನದ ತೂತು ಕಾಣದ ಹಾಗೆ ಅದರ ಮೇಲೇ ಸರಿಯಾಗಿ ಕೂತು ಪೂಜೆಗೆ ತೊಡಗಿದರು. ನಾನು ಕೊಡ ಎತ್ತಲು ಹೋದೆ. ಅಜ್ಜಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಮೊದಲ ಸಲ ಅವರ ಅಂಗೈಯನ್ನು ಹತ್ತಿರದಿಂದ ನೋಡಿದೆ. ಹಗ್ಗದ ಗುರುತು ನನ್ನ ಕೈಯಲ್ಲಿದ್ದ ಜಾಗದಲ್ಲೇ, ನನ್ನದಕ್ಕಿಂತ ಆಳವಾಗಿ ಇತ್ತು. ತಾವೇ ನಳ ತಿರುಗಿಸಿ, ಕೊಡ ತುಂಬುವ ತನಕ ಅದನ್ನೇ ನೋಡುತ್ತ ನಿಂತರು. ಆಮೇಲೆ ನಳ ಬಿಗಿದು, ದೇವರಮನೆಯಲ್ಲಿ ಗೋಡೆಗೆ ಹಾಕಿದ್ದ ಗಂಡನ ಪಟದ ಕಡೆ ತಿರುಗಿದರು.

"ಒಂದು ಕೊಡ ಆತು," ಎಂದರು.